ಹೊಳೆಗೆ ಬಿಟ್ಟ ಫೈಲು

ಟಿ.ಬಿ. ಡ್ಯಾಮಿನ ಕಾಲುವೆ ಕಚೇರಿಯಲ್ಲಿ ಮೂವತ್ತು ವರ್ಷ ಕ್ಲಾರ್ಕ್ ಆಗಿದ್ದೆ. ಸರ್ಕಾರದ ಒಂದು ಚೀಟಿಯನ್ನೂ ಕಳೆದವಳಲ್ಲ. ಕೈಯಾರೆ ಕಳೆದದ್ದು ನನ್ನ ಮಗಳ ಆಸ್ಪತ್ರೆ ಫೈಲನ್ನು.

ಆರು ವರ್ಷದವಳಿದ್ದಾಗ ಅವಳಿಗೆ ರಕ್ತದ ಕ್ಯಾನ್ಸರ್ ಆಗಿತ್ತು. ಬೆಂಗಳೂರಿನಲ್ಲಿ ಎರಡೂವರೆ ವರ್ಷ ಚಿಕಿತ್ಸೆ. ವಾಸಿಯಾದ ಮೇಲೆ ಹಂಪಿಗೆ ಕರೆದೊಯ್ದು ಸ್ನಾನ ಮಾಡಿಸಿ, ಉಟ್ಟ ಬಟ್ಟೆಯನ್ನು ಹೊಳೆಗೆ ಬಿಟ್ಟೆವು. ಪೀಡೆ ತೊಲಗಲಿ ಎಂದು ನಮ್ಮ ಕಡೆ ಹಾಗೆ ಬಿಡುತ್ತಾರೆ. ನಾನು ಅಷ್ಟಕ್ಕೇ ಸುಮ್ಮನಿರುವವಳೇ? ಫೈಲನ್ನೂ ಬಟ್ಟೆಯೊಳಗೆ ಸುತ್ತಿಬಿಟ್ಟೆ. ಆಮೇಲೆ ಮನೆಯಲ್ಲಿ ಆ ಕಾಯಿಲೆಯ ಹೆಸರೆತ್ತಿದವರಿಗೆ ನನ್ನಿಂದ ಬೈಗುಳ ತಪ್ಪುತ್ತಿರಲಿಲ್ಲ.

ಹೋದ ವರ್ಷ ಮಗಳು ಕಂಪ್ಲಿಯ ಗಂಡನ ಮನೆಯಿಂದ ಬಂದಳು, ಐದು ತಿಂಗಳ ಬಸುರಿ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. "ಬಸ್ರಿ ಅಂದ್ಮ್ಯಾಲೆ ಇದೆಲ್ಲ ಇದ್ದದ್ದ, ಸುಮ್ನಿರು," ಎಂದೆ. ಅವಳು ಕೇಳಲಿಲ್ಲ. ಹೊಸಪೇಟೆಯ ಡಾಕ್ಟರಮ್ಮನ ಮುಂದೆ ಕೂತು ಚಿಕ್ಕಂದಿನ ಕಾಯಿಲೆಯನ್ನು ತಾನೇ ಹೇಳಿಬಿಟ್ಟಳು.

"ಯಾವ ಔಷಧಿ ಕೊಟ್ಟಿದ್ರು ರೀ?" ಡಾಕ್ಟರಮ್ಮ ನನ್ನ ಕಡೆ ತಿರುಗಿದರು.

"ಸಲಾಯಿನ್ ಹಂಗ ಕೆಂಪನೇದು ಒಂದು ಬಾಟ್ಲಿ ಹಚ್ಚತಿದ್ರು ರೀ."

"ಅದು ಹೃದಯಕ್ಕ ಪೆಟ್ಟು ಕೊಡೋ ಔಷಧಿ. ಮೈಯಾಗ ಎಷ್ಟು ಹೋಗೈತಿ ಅಂತ ಗೊತ್ತಾಗಬೇಕು. ಹೆರಿಗಿ ಹೊತ್ತಿಗೆ ಹೃದಯ ತಡೀಬೇಕಲ್ರಿ. ಫೈಲ್ ಎಲ್ಲೈತಿ?"

ಹೊಳೆಯ ಕಥೆ ಹೇಳದೆ ವಿಧಿಯಿರಲಿಲ್ಲ.

ಬೆಂಗಳೂರಿನ ಆಸ್ಪತ್ರೆಯವರು ಹಳೆಯ ಕಾಗದಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದ್ದರಂತೆ. ಪುಣ್ಯಾತ್ಮರು! ಡಾಕ್ಟರಮ್ಮ ಅಲ್ಲಿಗೆ ಫೋನ್ ಮಾಡಿದರು. ಡಾಕ್ಟರಮ್ಮ ಹೇಳಿದ ಮಗಳ ನಂಬರಿಗೆ ಒಪ್ಪಿಗೆ ಕೇಳಿ ಮೆಸೇಜ್ ಬಂತು, ಅವಳು ಒತ್ತಿದಳು. ಔಷಧಿಯ ಹೆಸರು, ಪ್ರಮಾಣ, ತಾರೀಖು ಎಲ್ಲ ಪರದೆಯ ಮೇಲೆ ತೆರೆದುಕೊಂಡವು. ಅಂದೇ ಹೃದಯದ ಸ್ಕ್ಯಾನ್ ಮಾಡಿಸಿ ಮತ್ತೆ ಡಾಕ್ಟರಮ್ಮನ ಮುಂದೆ ಕೂತೆವು. ಹೃದಯ ಸ್ವಲ್ಪ ಸೋತಿದೆ, ಮಾತ್ರೆ ಬೇಕು, ತಿಂಗಳಿಗೊಮ್ಮೆ ತೋರಿಸಬೇಕು, ಹೆರಿಗೆ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು ಎಂದರು. "ಟೈಮಿಗೆ ಬಂದ್ರಿ, ಹೆದರಬ್ಯಾಡ್ರಿ," ಎಂದಾಗ ಹೋದ ಜೀವ ಬಂದಂತಾಯಿತು.

ಮಗಳು ಮಾತ್ರ ಪರದೆಯ ಮೇಲಿದ್ದ ಹಳೆಯ ದಾಖಲೆಯ ಕೆಳಗಿನ ಸಾಲುಗಳನ್ನು ಓದುತ್ತಿದ್ದಳು. ನಾನೂ ಬಗ್ಗಿ ನೋಡಿದೆ. ಚಿಕಿತ್ಸೆ ಮುಗಿದ ಮೇಲೆ ಆಸ್ಪತ್ರೆಯವರು ವರ್ಷ ವರ್ಷವೂ ತಪಾಸಣೆಗೆ ಕರೆದಿದ್ದರು. ಪ್ರತಿ ಸಾಲಿನಲ್ಲೂ ಒಂದೇ ಮಾತು: ಮಗು ಚೆನ್ನಾಗಿದೆ ಎಂದು ತಾಯಿ ತಿಳಿಸಿದರು, ಬರಲಿಲ್ಲ. ಹೌದು, ನಾನೇ. ಫೋನ್ ಬಂದಾಗಲೆಲ್ಲ "ಗುಂಡಕಲ್ಲಿನಂಗ ಅದಾಳ್ರಿ, ಮತ್ತ ಫೋನ್ ಮಾಡಬ್ಯಾಡ್ರಿ," ಎಂದು ಇಟ್ಟುಬಿಡುತ್ತಿದ್ದೆ. ಹೆದರಿಕೆ, ಇನ್ನೇನು. ಅವಳಿಗೆ ಒಂದು ಮಾತೂ ತಿಳಿಸಿರಲಿಲ್ಲ.

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನಾನೂ ಎದುರು ಮಾತಾಡುತ್ತಿದ್ದೆ.

ಅವಳು ಡಾಕ್ಟರಮ್ಮನನ್ನು ನೋಡಿ, "ಇದ್ರಾಗ ಇನ್ನೂ ಅಮ್ಮನ ನಂಬರ್ ಐತ್ರಿ, ಅದನ್ನ ತೆಗಸ್ರಿ," ಎಂದಳು. "ನಂದು ಹಾಕಸ್ರಿ."