ಎರಡನೆಯ ಸಲ ಬಡಿಸಿದ್ದು

ಅಥವಾ ಅದು ಹೋಟೆಲಿನ ಹಿಂಬಾಗಿಲೇ ಅಲ್ಲದಿರಬಹುದು. ಓಣಿಯ ಕಡೆಗಿದ್ದ ಸೌದೆಕೋಣೆಯ ಬಾಗಿಲಿದ್ದೀತು. ಊರಿಗೆ ಹೋದಾಗಲೆಲ್ಲ ಈ ಸಂಗತಿಯನ್ನು ಯಾರಿಗಾದರೂ ಹೇಳಿದ್ದೇನೆ, ಹೇಳಿದಾಗಲೆಲ್ಲ ಬಾಗಿಲು ಜಾಗ ಬದಲಿಸಿದೆ. ಒಮ್ಮೆ ಮಳೆ ಸುರಿಯುತ್ತಿತ್ತು ಎಂದೂ ಸೇರಿಸಿದ ನೆನಪು. ಮಳೆ ಇದ್ದಿರಲಾರದು. ಬಂದು ನಿಂತವರ ಹಣೆಯ ಗೋಪೀಚಂದನ ಒಣಗಿ ಬೆಳ್ಳಗಿತ್ತು. ಬಾಗಿಲ ಹೊರಗೆ ನಿಂತಿದ್ದ ಆ ಮನುಷ್ಯರ ಕೈಯಲ್ಲಿ ಹಿತ್ತಾಳೆಯ ತಂಬಿಗೆ ಇತ್ತು, ಮನೆಯಿಂದಲೇ ತಂದದ್ದು. ಇಷ್ಟು ಮಾತ್ರ ಎಂದೂ ಬದಲಾಗಿಲ್ಲ.

ಆ ತಂಬಿಗೆಯನ್ನೂ ಆ ಹಣೆಯನ್ನೂ ನೋಡಿ ನಾನು ಕೈ ಮುಗಿದೆ.

ಆಗ ನಾನು ಪುಣೆಗೆ ಹೊಸಬ. ಉಡುಪಿಯ ಕಡೆಯ ನಮ್ಮ ಹಳ್ಳಿಯವರೇ ಆದ ಉಪಾಧ್ಯರು ಇಲ್ಲಿಯ ಪೇಟೆಯೊಂದರಲ್ಲಿ ಊಟದ ಹೋಟೆಲು ಇಟ್ಟಿದ್ದರು, ಬಡಿಸಲಿಕ್ಕೆ ನನ್ನನ್ನು ಕರೆಸಿಕೊಂಡಿದ್ದರು. ಬಂದ ದಿನ ನನ್ನ ಎದೆ ಹಾರಿಸಿದ್ದು ಈ ಊರಿನ ಗದ್ದಲವಲ್ಲ, ಮನೆಗಳು. ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಯನ್ನು ಕೂಗಿದರೆ ಕೂಗು ಅರ್ಧ ದಾರಿಯಲ್ಲೇ ಗದ್ದೆಗೆ ಬೀಳುತ್ತದೆ. ಇಲ್ಲಿ ವಾಡಾ ಎಂಬುದುಂಟು: ಕೋಟೆಗೆ ಇರುವಂಥ ಒಂದೇ ದೊಡ್ಡ ಬಾಗಿಲು, ಒಳಗೊಂದು ಅಂಗಳ, ಅಂಗಳದ ಸುತ್ತ ಮಾಳಿಗೆಗಳು, ಕೋಣೆಗೊಂದು ಸಂಸಾರ. ಅಂಥದೊಂದು ವಾಡಾದ ಮರದ ಮೆಟ್ಟಿಲಿನ ಅಡಿಯಲ್ಲಿ ನನ್ನ ಚಾಪೆ. ಕೆಮ್ಮಿದರೆ ಕೇಳುತ್ತಿತ್ತು, ಯಾರ ಕೆಮ್ಮು ಎಂದು ತಿಳಿಯುತ್ತಿರಲಿಲ್ಲ. ಕುಡಿಯುವ ನೀರು ಅಂಗಳದ ‘ಹೌದ’ದಿಂದ, ಅಂದರೆ ಕಲ್ಲಿನ ತೊಟ್ಟಿಯಿಂದ. ಅದು ದೂರದ ಕೆರೆಯಿಂದ ನೆಲದಡಿಯ ಕಾಲುವೆಯಲ್ಲಿ ಹರಿದು ಬರುವ ನೀರು ಎಂದು ತಿಳಿದಾಗ ನಾನು ಉಪಾಧ್ಯರನ್ನು ಕೇಳಿದೆ:

“ದಾರಿಯಲ್ಲಿ ಅದನ್ನು ಯಾರ್‍ಯಾರು ಮುಟ್ಟಿರ್‍ತಾರೋ ಏನೋ?”

“ನೆಲದ ಅಡಿಯಲ್ಲಿ ಬರ್‍ತದಲ್ಲ ಮಾರಾಯ, ಕಾಣುದಿಲ್ಲ. ಕುಡಿ.”

ಕುಡಿದೆ. ಸಿಹಿಯಾಗಿಯೇ ಇತ್ತು.

ಮರಾಠಿ ನನಗೆ ಬಂದದ್ದು ಬಡಿಸುವ ಕೈಯ ಮೂಲಕ. ಭಾತ, ಪಾಣಿ, ಬಸಾ, ಪುರೇ: ಅನ್ನ, ನೀರು, ಕೂರಿ, ಸಾಕು. ಇಷ್ಟರಲ್ಲಿ ಒಂದು ಹೊತ್ತಿನ ಊಟ ಮುಗಿಯುತ್ತದೆ. ಇಲ್ಲಿಯ ‘ಆಮಟಿ’ ನಮ್ಮ ಹುಳಿಯ ದಾಯಾದಿ. ಬೇಳೆ, ಬೆಲ್ಲ, ಹುಣಿಸೆ ಎಲ್ಲ ಉಂಟು, ಕೊಬ್ಬರಿಯನ್ನು ಮಾತ್ರ ಕಪ್ಪಗೆ ಹುರಿದು ಹಾಕುತ್ತಾರೆ. ಮೊದಲ ಸಲ ಒಬ್ಬರು “ಆಣಖೀ ಆಮಟಿ” ಎಂದಾಗ, ಇನ್ನಷ್ಟು ಬೇಕೆಂದು ತಾನೇ ತಿಳಿದು ಬಡಿಸಿದೆ. ಆ ದಿನ ಊರು ಗೆದ್ದಂತೆ ಅನ್ನಿಸಿತ್ತು. ಕನ್ನಡಕ್ಕೆ ಉಪಾಧ್ಯರನ್ನು ಬಿಟ್ಟರೆ ಧಾರವಾಡದ ಕುಲಕರ್ಣಿ ಮಾಸ್ತರರು. ಮುನಸಿಪಾಲಟಿ ಶಾಲೆಯಲ್ಲಿ ಕಲಿಸುತ್ತಿದ್ದರು, ಮಧ್ಯಾಹ್ನ ನಮ್ಮಲ್ಲಿ ಉಣ್ಣುತ್ತಿದ್ದರು. ಅವರ ಕನ್ನಡವೂ ನನಗೆ ಅರ್ಧ ಪರದೇಶವೇ.

“ಸಾರು ಭಾಳ ಛಲೋ ಆಗೇದ್ರಿ ವಾಸುಭಟ್ರ,” ಎನ್ನುತ್ತಿದ್ದರು. “ನಿಮ್ಮ ಕಡೆ ಮಂದಿ ಮಾತಾಡೂದು ತಿಳಿಯಂಗಿಲ್ಲ, ಅಡಗಿ ಅಷ್ಟು ತಿಳೀತದ.”

ನನಗೆ ತಿಳಿಯದೆ ಇದ್ದದ್ದು ಮನುಷ್ಯರು. ಊರಿನಲ್ಲಿ ಗದ್ದೆಯ ಅಂಚಿನಲ್ಲಿ ಒಬ್ಬ ನಡೆದು ಬರುತ್ತಿದ್ದರೆ, ಅವನು ಬೇಲಿಯ ತಡಮೆಯ ತನಕ ಬರುವವನೋ, ಅಂಗಳದ ತನಕವೋ, ಜಗಲಿಯ ತನಕವೋ, ನಡಿಗೆ ನೋಡಿ ಹೇಳಬಲ್ಲೆ. ಅದನ್ನು ಯಾರೂ ಕಲಿಸಿದ್ದಿಲ್ಲ. ನಮ್ಮಲ್ಲಿ ದೂರವನ್ನು ನೆಲವೇ ಇಟ್ಟುಕೊಂಡಿರುತ್ತದೆ. ಇಲ್ಲಿ ಗೋಡೆಗೆ ಗೋಡೆ ತಾಗಿದೆ. ದೂರ ಜನರ ಮೈಮೇಲೆ, ಮಾತಿನಲ್ಲಿ, ಹೆಸರಿನಲ್ಲಿ ಇರಬೇಕು. ಪೇಟ ಸುತ್ತುವ ಬಗೆಯಲ್ಲೇ ಎಲ್ಲ ತಿಳಿಯುತ್ತದೆ ಎನ್ನುತ್ತಿದ್ದರು. ನನ್ನ ಕಣ್ಣಿಗೆ ಅದು ಬರಿಯ ಬಟ್ಟೆ.

ಹಾಗಿದ್ದವನ ಮುಂದೆ ಒಂದು ಮಧ್ಯಾಹ್ನ, ಊಟದ ಗಲಾಟೆ ಇಳಿದ ಮೇಲೆ, ಈ ಮನುಷ್ಯರು ಬಂದು ನಿಂತರು. ಒಗೆದ ಧೋತರ, ಕುತ್ತಿಗೆಯ ತನಕ ಗುಂಡಿ ಹಾಕಿದ ಕೋಟು, ಕೊರಳಲ್ಲಿ ತುಳಸಿಮಣಿಯ ಸರ. ಹಣೆಯಲ್ಲಿ ಉದ್ದಕ್ಕೆ ಗೋಪೀಚಂದನ, ಅದರ ನಡುವೆ ಕಪ್ಪು ಬೊಟ್ಟು. ನಮ್ಮ ಮಠದ ಆಚಾರ್ಯರಲ್ಲದೆ ಇನ್ನು ಯಾರು? ನಮ್ಮವರು ಗೆರೆಯಾಗಿ ಎಳೆಯುವ ಅಂಗಾರ ಅಕ್ಷತೆಯನ್ನು ಈ ಊರಲ್ಲಿ ಹೀಗೆ ಬೊಟ್ಟಾಗಿ ಇಡುತ್ತಾರೆ ಎಂದುಕೊಂಡೆ. ಸ್ವಂತ ತಂಬಿಗೆ ಹಿಡಿದಿದ್ದಾರೆ, ಹತ್ತು ಜನರು ಕೂರುವ ಬೆಂಚಿನ ಕಡೆ ಸುಳಿಯದೆ ಹಿಂದಿನಿಂದ ಬಂದಿದ್ದಾರೆ. ಎಂಥ ಮಡಿ! “ಯಾ, ಯಾ, ಆತ ಯಾ,” ಬನ್ನಿ, ಒಳಗೆ ಬನ್ನಿ ಎಂದೆ.

ಅವರು ನನ್ನ ಮುಖವನ್ನೇ ನೋಡಿದರು.

“ಆತ?” ಒಳಗೆಯೇ ಎಂದು ಕೇಳಿದರು.

“ಆತ,” ಎಂದೆ.

ಅಡಿಗೆಮನೆಗೆ ತಾಗಿ ಮಡಿಯವರಿಗೆಂದೇ ಒಂದು ಸಣ್ಣ ಕೋಣೆ ಇತ್ತು. ಹೊರಗೆ ಬೆಂಚು, ಒಳಗೆ ಮಣೆ. ನೆಲ ಒರೆಸಿ ಮಣೆ ಹಾಕಿದೆ. ಅವರು ಕೂರುವ ಮೊದಲು ಮಣೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ನಮ್ಮ ಮಣೆಯ ಮೈಲಿಗೆ ಪರೀಕ್ಷಿಸುತ್ತಿದ್ದಾರೆ ಎಂದು ನನಗೆ ನಾಚಿಕೆಯಾಯಿತು.

ಆಮೇಲೆ ಆಗಾಗ ಬಂದರು, ಯಾವಾಗಲೂ ಆ ಖಾಲಿ ಹೊತ್ತಿನಲ್ಲಿ. ಏಕಾದಶಿಯಂದು ಬರಲಿಲ್ಲ. ಇನ್ನೇನು ಸಾಕ್ಷಿ ಬೇಕು? ನಾನು ಅವರಿಗೆ ತಂಬಿಗೆ ಆಚಾರ್ಯರು ಎಂದು ಹೆಸರಿಟ್ಟೆ. ಉಪಾಧ್ಯರು ಮುಂದಿನ ಗಲ್ಲಾದಲ್ಲಿ ಕೂರುವವರು, ಒಳಕೋಣೆಯ ಕಡೆ ಬರುತ್ತಿರಲಿಲ್ಲ. ನನ್ನ ವರ್ಣನೆ ಕೇಳಿಯೇ ಅವರು ಉಬ್ಬಿದರು. “ಸ್ವಂತ ತಂಬಿಗೆ ಹಿಡ್ಕೊಂಡು ತಿರುಗುವಂಥ ಕಟ್ಟಾ ಮಡಿಯವರೂ ನಮ್ಮಲ್ಲೇ ಉಣ್ಣುದು ಗೊತ್ತುಂಟಾ?” ಎಂದು ಬಂದವರಿಗೆಲ್ಲ ಹೇಳತೊಡಗಿದರು. ಕುಲಕರ್ಣಿ ಮಾಸ್ತರರಿಗೂ ಹೇಳಿದರು.

ಒಂದು ದಿನ ಆಚಾರ್ಯರು ಬಂದದ್ದು ಒಬ್ಬರೇ ಅಲ್ಲ. ಜೊತೆಗೆ ಅವರ ತಂದೆ, ತುಂಬಾ ಮುದುಕರು, ಬೆನ್ನು ಮಾತ್ರ ನೆಟ್ಟಗೆ. ಅದೇ ಹಣೆ, ಅದೇ ತುಳಸಿ. ಮಗ ಅವರ ಕೈ ಹಿಡಿದು ಒಳಗೆ ಕರೆತಂದರು, ದೇವಸ್ಥಾನಕ್ಕೆ ಕರೆತರುವ ಹಾಗೆ. ಮುದುಕರು ಗೋಡೆ ನೋಡಿದರು, ಸೂರು ನೋಡಿದರು, ಮಣೆಯ ಮೇಲೆ ಕೂತು ಒಮ್ಮೆ ಕಣ್ಣು ಮುಚ್ಚಿದರು. ಅವರು ಹೋಟೆಲಿನ ಒಳಗೆ ಕೂತದ್ದು ಆಯುಷ್ಯದಲ್ಲಿ ಅದೇ ಮೊದಲು ಎಂಬುದು ನನಗೆ ಹೇಗೆ ಗೊತ್ತಾಗಬೇಕು? ಎಲೆ ಹಾಕಿದೆ. ಅನ್ನ, ಪಲ್ಯ, ಸಾರು ಬಡಿಸಿದೆ. ಎರಡು ತುತ್ತು ಉಂಡಿರಬಹುದು, ಕುಲಕರ್ಣಿ ಮಾಸ್ತರರು ಈ ಹೆಸರಾಂತ ಆಚಾರ್ಯರನ್ನು ನೋಡಿಯೇ ಬಿಡುತ್ತೇನೆಂದು ಬಾಗಿಲಿಗೆ ಬಂದರು. ಬಂದವರು ಅಲ್ಲೇ ನಿಂತರು.

“ವಾಸುಭಟ್ರ,” ಎಂದರು ಕನ್ನಡದಲ್ಲಿ, ಮೆಲ್ಲಗೆ. “ಯಾರನ್ನ ಕೂಡಿಸೀರಿ ಗೊತ್ತದ ಏನ್ರಿ ನಿಮಗ?”

“ಆಚಾರ್ಯರು.”

“ಎಲ್ಲೀ ಆಚಾರ್‍ರಿ! ಇವ್ರು ಮಹಾರವಾಡಾದವ್ರು, ಅಸ್ಪೃಶ್ಯರ ಕೇರಿ ಮಂದಿ. ಅಲ್ಲೀ ಹುಡುಗರ ಶಾಳೇದಾಗ ಮಾಸ್ತರ ಇದ್ದಾರ. ಮುನಸಿಪಾಲಟಿ ಕಚೇರಿಗೆ ಬಂದ್ರ ಹೊರಗ ಕಟ್ಟಿ ಮ್ಯಾಲೆ ನಿಲ್ತಾರ, ನಾನ ನೋಡೀನಿ. ಅದು ವಾರಕರಿ ಮಂದಿ ಹಚ್ಕೊಳ್ಳೂ ಗೋಪೀಚಂದನ. ವಿಠೋಬನ ಪಾಲಕಿ ಹಿಂದ ನಡೀತಾರಲ್ಲ, ಅವ್ರು ಯಾರ ಬೇಕಾದ್ರೂ ಹಚ್ಕೋತಾರ. ಅಯ್ಯ, ಏನ್ ಮಾಡಿಟ್ರೀ!”

ಸ್ವಂತ ಪಾತ್ರೆ ಹಿಡಿದು ಬರುವವರಲ್ಲಿ ಎರಡು ಬಗೆ: ಇತರರ ಪಾತ್ರೆ ಮುಟ್ಟದವರು, ಇತರರ ಪಾತ್ರೆ ಮುಟ್ಟಬಾರದವರು. ಎರಡನೆಯವರ ಕೈಯಲ್ಲಿ ನಾನು ಊರಿನಲ್ಲಿ ನೋಡಿದ್ದು ತೆಂಗಿನ ಗೆರಟೆ. ಫಳಫಳ ಬೆಳಗಿದ ಹಿತ್ತಾಳೆಯನ್ನು ನೋಡಿದವನಲ್ಲ. ಅವರು ಅಂದು ಬಾಗಿಲಲ್ಲಿ ನಿಂತದ್ದು ಮೇಲಿನಿಂದ ಚಹಾ ಹೊಯ್ಯಿಸಿಕೊಳ್ಳಲು. ನಾನು ಎಲ್ಲ ಬಲ್ಲವನೇ, ಬಲ್ಲೂ ಒಳಗೆ ಕರೆದವನು ಎಂದು ಅವರು ನಂಬಿದ್ದರು. ನಂಬಿಯೇ ತಂದೆಯನ್ನು ಕರೆತಂದಿದ್ದರು.

ಈಗ ನನ್ನ ಮುಖ ಬಿಳಿಚಿರಬೇಕು. ಮಗ ನನ್ನನ್ನು ನೋಡಿದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ನನ್ನ ಮುಖ ಓದಲಿಕ್ಕೆ ಅದು ಬೇಕೂ ಇರಲಿಲ್ಲ. ಎಲೆಯ ಮೇಲಿನ ಕೈ ನಿಂತಿತು. ಅವರು ಏಳಲು ಹೊರಟರು. ಆಗ ಮುದುಕರು ಮಗನ ತೊಡೆಯ ಮೇಲೆ ಎಡಗೈ ಇಟ್ಟು ತಡೆದು, ಕನ್ನಡದಲ್ಲಿ ಮಾತಾಡಿದರು.

“ಮಾಸ್ತರ್ರ, ನಾ ಪಲಟಣಿದಾಗ ಇದ್ದವ್ನರಿ. ಬೆಳಗಾವಿ ಕ್ಯಾಂಪಿನ್ಯಾಗ ಭಾಳ ವರ್ಷ ತಗದೀನಿ. ನಿಮ್ಮ ಮಾತು ನಂಗ ತಿಳೀತೈತಿ.”

ಮುದುಕರು ನನ್ನ ಕಡೆ ತಿರುಗಿದರು.

“ತಮ್ಮಾ, ನಿನಗ ಗೊತ್ತಿರಲಿಲ್ಲೇನು?”

“ಇಲ್ಲ,” ಎಂದೆ.

“ಈಗ ಗೊತ್ತಾತಲ್ಲ.” ಎಲೆಯಲ್ಲಿ ಉಳಿದಿದ್ದ ಅನ್ನವನ್ನು ಅವರು ಬೆರಳಿನಿಂದ ಒಂದು ಬದಿಗೆ ಸರಿಸಿ, ನಡುವೆ ಜಾಗ ಮಾಡಿದರು. “ಹಂಗಾರ ಈಗ ನೀಡು.”

ನೀಡು ಎಂದರೆ ಆ ಕಡೆ ಬಡಿಸು ಎಂದು. ಅಷ್ಟು ಹೊತ್ತಿಗೆ ಅದು ನನಗೆ ಗೊತ್ತಿತ್ತು.

ನಾನು ಬಡಿಸಿದೆ. ಅನ್ನ ಹಾಕಿದೆ, ಸಾರು ಬಿಟ್ಟೆ. ಇದರಲ್ಲಿ ಸಂದೇಹವಿಲ್ಲ, ಸಾರು ಅನ್ನದ ಗುಂಡಿ ದಾಟಿ ಎಲೆಯ ಅಂಚಿಗೆ ಹರಿದದ್ದನ್ನು ಕುಲಕರ್ಣಿಯವರೂ ನೋಡಿದ್ದಾರೆ. ಮುದುಕರು ಅಗುಳು ಬಿಡದೆ ಉಂಡರು. ಮಗ ಉಣ್ಣಲಿಲ್ಲ, ತಂದೆ ಉಣ್ಣುವುದನ್ನು ನೋಡುತ್ತ ಕೂತರು. ನಾನು ಎಲೆ ತೆಗೆಯಲು ಬಗ್ಗುವ ಮೊದಲೇ ಎರಡೂ ಎಲೆಗಳನ್ನು ಅವರೇ ಮಡಚಿಕೊಂಡು, ಬಂದ ಬಾಗಿಲಿನಿಂದ ಹೋದರು.

ಇನ್ನು ನನ್ನ ಕೆಲಸ ಹೋಯಿತು, ಬಹುಶಃ ಮೂಳೆಯೂ ಮುರಿಯಿತು ಎಂದು ಕಾದೆ. ಉಪಾಧ್ಯರು ಬಂದು ಬಾಗಿಲು ಮುಚ್ಚಿ, ಹಣೆ ಹಣೆ ಬಡಿದುಕೊಂಡರು.

“ಎಂತ ಮಾಡಿದೆ ಮಾರಾಯ! ಹೋಟೆಲಿಗೆ ಬೀಗ ಹಾಕಿಸ್ಲಿಕ್ಕೆ ಹುಟ್ಟಿದ್ದಾ ನೀನು? ಹೋಗ್ಲಿ. ನಿಂಗೆ ಗೊತ್ತಿರ್ಲಿಲ್ಲ. ಯಾರು ಕೇಳಿದ್ರೂ ಅಷ್ಟೇ ಹೇಳು.”

“ಎರಡನೇ ಸಲ ಬಡಿಸುವಾಗ ಗೊತ್ತಿತ್ತು.”

“ಇಲ್ಲ,” ಎಂದರು ಉಪಾಧ್ಯರು. “ಗೊತ್ತಿರ್ಲಿಲ್ಲ.”

ಸೆಗಣಿ ನೀರಿನಿಂದ ಕೋಣೆ ಸಾರಿಸಿದ್ದಾಯಿತು. ಮರುದಿನ ನನ್ನನ್ನು ನಿಜವಾಗಿ ದಂಗುಬಡಿಸಿದ ಸಂಗತಿ ನಡೆಯಿತು: ಏನೂ ನಡೆಯಲಿಲ್ಲ. ಬರುವವರೆಲ್ಲ ಬಂದರು, ಉಂಡರು. ಕುಲಕರ್ಣಿಯವರು ಪ್ರಸಂಗವನ್ನು ಮರಾಠಿಯಲ್ಲಿ, ನನ್ನ ಕೈ ಮುಗಿಯುವ ಅಭಿನಯ ಸಹಿತ, ಬೆಂಚಿನವರಿಗೆ ಹೇಳಿದರು. ಗೋಪೀಚಂದನ ನೋಡಿ ಮರುಳಾದ ದಕ್ಷಿಣದ ಭಟ್ಟ! ಜನ ಸಾರು ನೆತ್ತಿಗೇರುವಷ್ಟು ನಕ್ಕರು. ಒಬ್ಬರು ಪ್ರೀತಿಯಿಂದ ನನ್ನ ಬೆನ್ನು ತಟ್ಟಿದರು. ಎರಡನೆಯ ಸಲ ಬಡಿಸಿದ್ದು ಆ ಕಥೆಯಲ್ಲಿ ಇರಲೇ ಇಲ್ಲ.

“ಮಾಸ್ತರೇ, ನೀವು ಪೂರ್ತಿ ಹೇಳಲಿಲ್ಲ,” ಎಂದೆ. “ಮತ್ತೆ ಬಡಿಸಿದೆ ನಾನು. ನೀವು ಬಾಗಿಲಲ್ಲೇ ಇದ್ದಿರಿ.”

“ಸುಮ್ಕಿರ್‍ರಿ,” ಎಂದರು ಅವರು, ಕಣ್ಣು ಒರೆಸಿಕೊಳ್ಳುತ್ತ. ಆಮೇಲೆ ನಗು ಬಿಟ್ಟು, ಮೆಲ್ಲಗೆ: “ನಿಮ್ಮನ್ನ ಉಳಸಾಕ ಹತ್ತೀನ್ರಿ ನಾ. ತಿಳೀಲಾರ್‍ದ ಮಾಡಿದ್ರ ಮಂದಿ ನಗತಾರ. ತಿಳದ ಮಾಡಿದ್ರ ನಗಂಗಿಲ್ಲ.”

ಅವರು ನನ್ನನ್ನು ಉಳಿಸಿದರು, ಸುಳ್ಳಲ್ಲ. ಹೋಟೆಲೂ ಉಳಿಯಿತು. ನಾನು ಮಾಡಿದ್ದನ್ನು ಮಾತ್ರ ನನ್ನ ಕೈಯಿಂದ ಕಿತ್ತುಕೊಂಡರು. ಶಿಕ್ಷೆ ಕೊಟ್ಟಿದ್ದರೆ ಅದು ನನ್ನದಾಗಿ ಉಳಿಯುತ್ತಿತ್ತು. ಎಲ್ಲವನ್ನೂ ಇದ್ದಲ್ಲೇ ಇಟ್ಟುಕೊಳ್ಳಲು ಈ ಲೋಕಕ್ಕೆ ಸಿಟ್ಟೇ ಬೇಕೆಂದಿಲ್ಲ, ನಗುವೂ ಸಾಕು ಎಂದು ಅಂದು ಕಂಡೆ.

ಕೆಲವು ದಿನಗಳ ಮೇಲೆ ಆ ಕೇರಿಯನ್ನು ಹುಡುಕಿಕೊಂಡು ಹೋದೆ. ಶಾಲೆ ಸಿಕ್ಕಿತು, ಅಲ್ಲಿಯ ಮಾಸ್ತರರನ್ನು ಬೇರೆ ಊರಿಗೆ ಕಳಿಸಿದ್ದಾರೆ ಎಂದು ಒಬ್ಬಾಕೆ ಹೇಳಿದಳು. ದೌಂಡಿನ ಕಡೆ ಎಂದಳೋ, ಭೋರಿನ ಕಡೆ ಎಂದಳೋ. ಮುದುಕರು ಎಲ್ಲಿ ಎಂದು ಕೇಳುವಷ್ಟು ಮರಾಠಿ ನನಗಿತ್ತು, ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀನು ಯಾರು?” ಎಂದಳು. ಹೋಟೆಲಿನವನು ಎಂದೆ. “ಓ, ಆ ಹೋಟೆಲು,” ಎಂದು ಒಳಗೆ ಹೋದಳು.

ಈಗ ನನ್ನ ಮರಾಠಿ ಸರಾಗ. ಪೇಟದ ಸುತ್ತುಗಳು, ಹೆಸರಿನ ಬಾಲಗಳು, ಕೇಳದಿದ್ದರೂ ಅರ್ಥ ಹೇಳುತ್ತವೆ. ಬಾಗಿಲಲ್ಲಿ ಯಾರಾದರೂ ನಿಂತರೆ ಅವರು ಎಲ್ಲಿಯ ತನಕ ಬರುವವರು ಎಂದು ಕಣ್ಣು ತಾನಾಗಿ ಅಳೆದುಬಿಡುತ್ತದೆ, ಬೇಡವೆಂದರೂ. ಪುಣೆ ನನಗೆ ಊರಿನಷ್ಟೇ ಗೊತ್ತಿರುವ ಊರಾಯಿತು. ಊರಿಗೆ ಹೋದರೆ ಜಗಲಿಯಲ್ಲಿ ಕೂತವರು “ಪುಣೆಯವ ಬಂದ” ಎನ್ನುತ್ತಾರೆ. ಅಂಗಳದಾಚೆ ನಿಂತವರ ಕಡೆ ನೋಡುತ್ತ ನಾನು ಪುಣೆಯನ್ನು ನೆನೆಯುತ್ತೇನೆ, ಏನೂ ತಿಳಿಯದಿದ್ದಾಗಿನ ಪುಣೆಯನ್ನು. ಅಲ್ಲಿಗೆ ಮರಳುವ ರೈಲಿಲ್ಲ.

ಬಡಿಸುವವನ ಕೈ ಖಾಲಿ ಎಲೆ ಕಂಡರೆ ತಾನಾಗಿ ಬಗ್ಗುತ್ತದೆ. ಅಂದು ಬಗ್ಗಿದ್ದು ನಾನೋ, ನನ್ನ ಕೈಯ ರೂಢಿಯೋ, ನನಗೆ ಗೊತ್ತಿಲ್ಲ. ಬೆಂಚಿನವರು ನಕ್ಕ ಕಥೆ ಆ ಮುದುಕರ ಕಿವಿಗೆ ಬಿತ್ತೋ, ಬಿದ್ದರೆ ಅವರು ನಂಬಿದ್ದು ಆ ಕಥೆಯನ್ನೋ, ತಮ್ಮ ಎಲೆಗೆ ಬಿದ್ದ ಅನ್ನವನ್ನೋ, ಅದೂ ಗೊತ್ತಿಲ್ಲ.