ಮಸ್ಕಿ ಸಂತೆಯಲ್ಲಿ ಕ್ಯೂಬಿಸಂ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಸಿಂಧನೂರಿನ ಒಂದು ನೆಲ್ಲಿನ, ಅಂದರೆ ಭತ್ತದ, ಗೋದಾಮಿನ ಮಹಡಿಯ ಮೇಲೆ ಚಿತ್ರಕಲೆ ಕಲಿಸುತ್ತಿದ್ದೆ. ಕೆಳಗೆ ಹಮಾಲರು ಚೀಲ ಎಸೆದಾಗಲೆಲ್ಲ ಮೇಲೆ ನಮ್ಮ ಕುಂಚಗಳು ಕುಣಿಯುತ್ತಿದ್ದವು. ಯಾರದಾದರೂ ಗೆರೆ ನೆಟ್ಟಗೆ ಬಂದಿದ್ದರೆ ಅದು ಹಮಾಲರ ಊಟದ ಹೊತ್ತಿನಲ್ಲಿ ಎಳೆದದ್ದು ಎಂದೇ ಲೆಕ್ಕ.

ಗೋದಾಮಿನ ಸಾಹುಕಾರರೇ ನಮ್ಮ ಶಾಲೆಯ ಅಧ್ಯಕ್ಷರು. ಅವರಿಗೆ ಕಲೆಯ ಮೇಲೆ ಗೌರವವಿತ್ತು, ತಾಳ್ಮೆ ಇರಲಿಲ್ಲ. "ಮಾಸ್ತರ್ರ, ಈ ಸಲ ಹುಡುಗರು ಪಾಸಾದ್ರ ಶಾಲಿ ನಡೀತೈತಿ. ಇಲ್ಲಂದ್ರ ಮ್ಯಾಲೂ ನೆಲ್ಲು ತುಂಬತೀನಿ ನೋಡ್ರಿ" ಎಂದುಬಿಟ್ಟಿದ್ದರು. ಶಾಲೆ ಮುಚ್ಚಿದರೆ ನಾನು ಲಿಂಗಸುಗೂರಿಗೆ ಹೋಗಿ ಅಣ್ಣನ ಅಂಗಡಿಯಲ್ಲಿ ಟ್ರ್ಯಾಕ್ಟರುಗಳಿಗೆ ನಂಬರು ಬರೆಯಬೇಕಿತ್ತು. ಅಣ್ಣ ನನ್ನ ಸಲುವಾಗಿ ಒಂದು ಸ್ಟೂಲನ್ನೂ ತೆಗೆದಿಟ್ಟಿದ್ದ. ಅದನ್ನು ನೆನೆಸಿಕೊಂಡರೆ ನನಗೆ ಮೈ ಉರಿಯುತ್ತಿತ್ತು.

ಚಿತ್ರ ಬರೆಯುವ ಪರೀಕ್ಷೆಯ ಭಯ ನನಗಿರಲಿಲ್ಲ, ಹುಡುಗರ ಕೈ ಚೆನ್ನಾಗಿತ್ತು. ಭಯವಿದ್ದದ್ದು ಮೌಖಿಕ ಪರೀಕ್ಷೆಯದು. ಪರೀಕ್ಷಕರು ಆಧುನಿಕ ಕಲಾಪಂಥದ ಒಂದು ಚಿತ್ರವನ್ನು ಮುಂದಿಡುತ್ತಾರೆ, ಹುಡುಗರು ಅದನ್ನು ಅರ್ಥೈಸಬೇಕು. ನಾನು ಇಂಪ್ರೆಷನಿಸಂನಿಂದ ಶುರು ಮಾಡಿದೆ. ಮಂಜು ಮುಸುಕಿದ ನದಿಯ ಚಿತ್ರ ತೋರಿಸಿ, ಬೆಳಕಿನ ಬಗ್ಗೆ ಗಂಟಲು ಹರಿಯುವ ಹಾಗೆ ಹೇಳಿದೆ. ಜವಳಗೇರಾದ ಹುಡುಗಿಯೊಬ್ಬಳು ಮರುಕದಿಂದ, "ಪಾಪ, ಇದನ್ನ ಬರದವರಿಗೆ ಕಣ್ಣಾಗ ಪರಿ ಬಂದಿತ್ತೇನ್ರಿ ಸರ?" ಎಂದಳು. ಉಳಿದವರು ಕಣ್ಣಿನ ಪೊರೆಯ ಆಪರೇಷನ್ ಎಲ್ಲಿ ಚೆನ್ನಾಗಿ ಮಾಡುತ್ತಾರೆ ಎಂಬ ಚರ್ಚೆಗೆ ಇಳಿದರು.

ಕ್ಯೂಬಿಸಂ ಇನ್ನೂ ಕಷ್ಟವಾಯಿತು. ಮುಖವೆಲ್ಲ ಚೂರುಚೂರಾದ ಹೆಂಗಸಿನ ಚಿತ್ರ ತೋರಿಸಿದರೆ, ವಳಕಮದಿನ್ನಿಯ ರೈತರ ಮಗ ಎದ್ದು ನಿಂತ. ತರಗತಿಯಲ್ಲಿ ಎಲ್ಲರಿಗಿಂತ ದೊಡ್ಡವನು, ಹೆಗಲ ಮೇಲಿನ ಟವೆಲು ಇಳಿಸದವನು.

"ಈಕಿ ಬಸ್ಸಿನ ಮ್ಯಾಲಿಂದ ಬಿದ್ದಾಳೇನ್ರಿ ಸರ?"

"ಕುಂದ್ರೋ ಲೇ!" ಎಂದು ಚೀರಿದೆ. ಆಮೇಲೆ ನಾನೇ ಆ ಚಿತ್ರ ನೋಡಿದೆ. ಹಾಳಾದದ್ದು, ಬಿದ್ದವಳ ಹಾಗೆಯೇ ಕಾಣತೊಡಗಿತು.

ಆ ವಾರ ಲಿಂಗಸುಗೂರಿಗೆ ಹೋಗಿ ವಾಪಸು ಬರುವಾಗ ಬಸ್ಸು ಮಸ್ಕಿಯಲ್ಲಿ ಕೆಟ್ಟು ನಿಂತಿತು. ಹೊತ್ತು ಹೋಗಲೆಂದು ದನದ ಸಂತೆಯ ಕಡೆ ನಡೆದೆ. ಅಲ್ಲಿ ನಮ್ಮ ವಳಕಮದಿನ್ನಿಯವನು ಅಪ್ಪನ ಜೊತೆ ಎತ್ತು ನೋಡುತ್ತಿದ್ದ. ಮುಂದೆ ನಿಂತು ಕೋಡು ನೋಡಿದ. ಬಾಯಿ ತೆರೆಸಿ ಹಲ್ಲು ನೋಡಿದ. ಹಿಂದೆ ಹೋಗಿ ಬಾಲ ಎತ್ತಿ, ಕೆಳಗೆ ಬಗ್ಗಿ ಗೊರಸು ನೋಡಿ, ಬೆನ್ನ ಮೇಲೆ ಕೈಯಾಡಿಸಿ ಸುಳಿ ಹುಡುಕಿದ. ಕೊನೆಗೆ ಅವನ ಅಪ್ಪ ಎತ್ತಿನ ಮಾಲೀಕರ ಕೈ ಮೇಲೆ ಟವೆಲು ಮುಚ್ಚಿ, ಸುತ್ತ ನಿಂತವರಿಗೆ ಗೊತ್ತಾಗದ ಹಾಗೆ, ಒಳಗೊಳಗೇ ಬೆರಳು ಹಿಡಿದು, ಬೆರಳಿನ ಲೆಕ್ಕದಲ್ಲೇ ರೇಟು ಕೇಳಿದರು.

"ಇದೇ! ಇದೇ ಕ್ಯೂಬಿಸಂ!" ಎಂದು ನಾನು ಕೂಗಿದೆ. ಎತ್ತು ಬೆದರಿ ಅವನ ಅಪ್ಪನ ಕಾಲು ತುಳಿಯಿತು. ವ್ಯಾಪಾರ ಮುರಿಯಿತು.

ಮರುದಿನ ತರಗತಿಯಲ್ಲಿ ಹೇಳಿದೆ: ಎತ್ತನ್ನು ಮುಂದಿನಿಂದ, ಹಿಂದಿನಿಂದ, ಮೇಲಿನಿಂದ, ಕೆಳಗಿನಿಂದ ನೋಡುತ್ತೀರಿ, ಆ ಎಲ್ಲ ನೋಟಗಳನ್ನೂ ಒಂದೇ ಹಾಳೆಯ ಮೇಲೆ ಇಟ್ಟರೆ ಕ್ಯೂಬಿಸಂ. ಆಮೇಲೆ ಎಲ್ಲರೂ ಒಟ್ಟಿಗೆ ಎದ್ದು ಆ ಹೆಂಗಸಿನ ಚಿತ್ರಕ್ಕೆ ಸುತ್ತು ಹಾಕತೊಡಗಿದರು. ಇದು ಮೂಗು ಬಾಜೂಲೆ, ಇದು ಕಣ್ಣು ಎದುರಿಗೆ, ಇದು ತುರುಬು ಹಿಂದಿಂದು! ನನಗೆ ಅಳುವಷ್ಟು ಸಂತೋಷವಾಯಿತು. ಚಟ ಮಾತ್ರ ಅಂಟಿಕೊಂಡಿತು. ಆಮೇಲೆ ಅವರು ಯಾವ ಚಿತ್ರವನ್ನೂ ನಿಂತಲ್ಲಿ ನಿಂತು ನೋಡಲಿಲ್ಲ. ಗೋಡೆಯ ಕ್ಯಾಲೆಂಡರನ್ನೂ ಎತ್ತಿ ಹಿಂಬದಿ ನೋಡುತ್ತಿದ್ದರು.

"ಪರೀಕ್ಷಕರ ಮುಂದೆ ಎತ್ತಿನ ಹೆಸರು ತೆಗೆದರೆ ಚರ್ಮ ಸುಲಿಯುತ್ತೇನೆ" ಎಂದು ಎಲ್ಲರಿಗೂ ತಾಕೀತು ಮಾಡಿದೆ.

ಪರೀಕ್ಷಕರು ಬೆಂಗಳೂರಿನವರು. ಜುಬ್ಬಾ, ದಪ್ಪ ಕನ್ನಡಕ, ಬೆಡ್‌ಶೀಟಿನಲ್ಲಿ ಸುತ್ತಿ ತಂದ ಒಂದು ಕ್ಯಾನ್ವಾಸು. ಬಿಚ್ಚಿದರೆ ನೀಲಿ ಬಣ್ಣದ ಚೂರುಚೂರು ಹೆಂಗಸು. ಯಾರು ಬರೆದದ್ದೆಂದು ಅವರು ಹೇಳಲಿಲ್ಲ. ಆದರೆ ಅದನ್ನು ನಿಲ್ಲಿಸುವಾಗ ಅಂಚಿನ ಧೂಳನ್ನು ಜುಬ್ಬಾದ ತುದಿಯಿಂದ ಒರೆಸಿದ ರೀತಿಯಲ್ಲೇ ಅದು ಅವರದ್ದೆಂದು ನನಗೆ ತಿಳಿಯಿತು. ಸಾಹುಕಾರರು ಬಾಗಿಲಲ್ಲಿ ನಿಂತು ಕೋಣೆಗೆ ಎಷ್ಟು ಚೀಲ ಹಿಡಿಯಬಹುದೆಂದು ಕಣ್ಣಲ್ಲೇ ಅಳೆಯುತ್ತಿದ್ದರು.

ಮೊದಲು ಬಂದವನು ವಳಕಮದಿನ್ನಿಯವನೇ. ಎದುರು ನಿಂತ, ಎಡಕ್ಕೆ ಹೋದ, ಬಲಕ್ಕೆ ಹೋದ. ಪರೀಕ್ಷಕರನ್ನು ಕುರ್ಚಿ ಸಮೇತ ಸರಿಸಿ ಚಿತ್ರದ ಹಿಂದೆ ಹೋದ. ಮೊಳಕಾಲೂರಿ ಕೆಳಗಿನಿಂದ ನೋಡಿದ. ನನ್ನ ಕಣ್ಣ ಮುಂದೆ ಅಣ್ಣನ ಅಂಗಡಿ ಬಂದು ನಿಂತಿತು.

"ಏನಪ್ಪಾ, ಏನು ಕಾಣ್ತು?" ಎಂದರು ಪರೀಕ್ಷಕರು.

"ಎದುರಿಗೆ ನಗಾಕತ್ತಾಳ್ರಿ. ಈ ಬಾಜೂಲೆ ಸಿಟ್ಟಾಗ್ಯಾಳ. ಮ್ಯಾಲಿಂದ ನೋಡಿದ್ರ ಅಳಾಕತ್ತಾಳ. ಮೂರೂ ಒಮ್ಮೆಗೇ ಐತ್ರಿ. ಬೀಗರು ಬಂದಾಗ ನಮ್ಮವ್ವ ಹಿಂಗ ಇರ್ತಾಳ್ರಿ."

ಪರೀಕ್ಷಕರು ಕನ್ನಡಕ ತೆಗೆದರು. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಆ ಪುಣ್ಯಾತ್ಮ ಹೆಗಲ ಮೇಲಿನ ಟವೆಲು ತೆಗೆದು ಪರೀಕ್ಷಕರ ಕೈ ಮೇಲೆ ಮುಚ್ಚಿ, ಒಳಗೆ ಕೈ ಹಾಕಿ ಬೆರಳು ಹಿಡಿದ!

"ಏನ್ರೀ ಇದು? ಕೈ ಹಿಡ್ಕೊಂಡಿದ್ದಾನೆ!" ಎಂದು ಅವರು ಹೌಹಾರಿದರು.

ನಾಚಿಕೆಯಿಂದ ಭೂಮಿಗಿಳಿದುಹೋದೆ. "ಸಾರ್, ಅದು… ನಮ್ಮ ಕಡೆ ಹೀಗೆ ರೇಟು ಕೇಳುತ್ತಾರೆ" ಎಂದೆ.

"ರೇಟಾ? ಇವನು ಇದನ್ನು ಕೊಂಡುಕೊಳ್ತಾನಾ?"

"ಹೌದು ಸಾರ್."

ಅವರು ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ. "ನನ್ನ ಚಿತ್ರಕ್ಕೆ ಇದುವರೆಗೂ ಯಾರೂ ರೇಟು ಕೇಳಿಲ್ಲ" ಎಂದು ಮೆಲ್ಲಗೆ ಅಂದರು. ಆಮೇಲೆ ಬಗ್ಗಿ, ಗುಟ್ಟಿನ ದನಿಯಲ್ಲಿ, "ಇನ್ನೊಂದು ಬೆರಳು ಹಿಡಿಯಪ್ಪಾ" ಎಂದರು. ವ್ಯಾಪಾರ ಎಷ್ಟಕ್ಕೆ ಕುದುರಿತೋ ನಮಗ್ಯಾರಿಗೂ ಗೊತ್ತಿಲ್ಲ. ಅದಕ್ಕೇ ಅಲ್ಲವೇ ಟವೆಲು ಇರುವುದು!

ಹೊರಡುವಾಗ ಅವರು ಸಾಹುಕಾರರಿಗೆ, "ಈ ಶಾಲೆ ಮುಚ್ಚಬೇಡಿ, ನಿಮ್ಮ ಹುಡುಗರಿಗೆ ನೋಡಕ್ಕೆ ಬರುತ್ತೆ" ಎಂದು ಹೇಳಿ, ಖಾಲಿ ಬೆಡ್‌ಶೀಟನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ಎಲ್ಲರೂ ಪಾಸಾದರು.

ಪರೀಕ್ಷೆಯ ದಿನ ಸಂಜೆಯೇ ವಳಕಮದಿನ್ನಿಯವನನ್ನು ಕರೆದು, "ನಿನಗೆ ಬುದ್ಧಿ ಐತೇನೋ?" ಎಂದು ಬೈದೆ.

"ಅಷ್ಟು ಸುತ್ತು ಹಾಕಿ ನೋಡಿದ ಮ್ಯಾಲ ರೇಟು ಕೇಳದ ಬಂದ್ರ ಮಾಲಕರಿಗೆ ಅವಮಾನ ಆಗ್ತದಲ್ರಿ ಸರ" ಎಂದ.

ನನಗೆ ಆ ಪರೀಕ್ಷಕರ ಮೇಲೆ ಹೊಟ್ಟೆಕಿಚ್ಚಾಯಿತು. ಒಳಕೋಣೆಗೆ ಹೋಗಿ, ನಾನು ವರ್ಷಗಟ್ಟಲೆ ತಿದ್ದಿ ತಿದ್ದಿ ಬರೆದು ಯಾರಿಗೂ ತೋರಿಸದೆ ಇಟ್ಟಿದ್ದ ನನ್ನದೊಂದು ಚಿತ್ರವನ್ನು ತಂದು ಗೋಡೆಗೆ ಆನಿಸಿದೆ. "ನೋಡು" ಎಂದೆ.

ಅವನು ಬಾಗಿಲಲ್ಲೇ ನಿಂತು ನೋಡಿದ. ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ.

"ಭಾಳ ಚಲೋ ಐತ್ರಿ ಸರ" ಎಂದ. "ಬರ್ರಿ, ಚಾ ಕುಡಿಯೂಣು."