ಶಿವಮ್ಮನ ದನಿ, ಮಾದಣ್ಣನ ಸ್ಪೀಕರು

ಗುಂಡ್ಲುಪೇಟೆಯಲ್ಲಿ ಹೆಂಡತಿ ಗಂಡನನ್ನು ಬೈಯುವುದು ಬೀದಿಗೆಲ್ಲ ಕೇಳುವಂಥ ಅಂಗಡಿ ಒಂದೇ ಒಂದಿದೆ. ಹಾಗಂತ ಅದು ಜಗಳದ ಮನೆಯೇನಲ್ಲ. ಅಲ್ಲಿ ಬೈಗುಳವೂ ಕೆಲಸದ ಭಾಗ. ಸ್ಪೀಕರ್ ರಿಪೇರಿಯ ಚಿಕ್ಕಮಾದು ಯಾವ ಸ್ಪೀಕರನ್ನು ಸರಿಮಾಡಿದರೂ, ಅದು ಅಂಗಡಿಯ ಮೆಟ್ಟಿಲು ಇಳಿಯುವ ಮೊದಲು ಅವನ ಹೆಂಡತಿ ಶಿವಮ್ಮ ಮೈಕಿನ ಮುಂದೆ ಕೂತು ಮಾತಾಡಬೇಕು. ಮೈಕು ಕಂಡರೆ ಎಲ್ಲರೂ ಒಂದು ಎರಡು ಮೂರು ಎಣಿಸುತ್ತಾರೆ. ಶಿವಮ್ಮನಿಗೆ ಅದು ಬೇಜಾರು. ಅದಕ್ಕೇ ಬಾಯಿಗೆ ಬಂದದ್ದನ್ನು ಆಡುತ್ತಾಳೆ, ಬಾಯಿಗೆ ಬರುವುದೆಲ್ಲ ಗಂಡನ ವಿಷಯವೇ.

"ಸೊಪ್ಪು ತತ್ತೀನಿ ಅಂತ ಸಂತೇಗೋದೋನು ಬರೀ ಕೈ ಬೀಸ್ಕಂಡು ಬಂದವ್ನೆ. ಸಾರು ಏನಾಕಿ ಮಾಡ್ಲಿ, ಸ್ಪೀಕರ್ ಬೇಯಿಸ್ಲಾ?"

ಎದುರಿನ ಬೇಕರಿಯವರು ನಗುತ್ತಾರೆ. ಚಿಕ್ಕಮಾದು ಮಾತ್ರ ನಗುವುದಿಲ್ಲ. ಅವಳಿಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ, ಕತ್ತು ಒಂದಿಷ್ಟು ಓರೆ ಮಾಡಿ ನಿಂತಿರುತ್ತಾನೆ. ಶಿವಮ್ಮ ಕೂರುವುದು ಸ್ಪೀಕರಿನ ಪಕ್ಕದಲ್ಲೇ. ಮನುಷ್ಯರು ಎಷ್ಟು ಜೋರಾಗಿ ಮಾತಾಡುತ್ತಾರೋ ಅಷ್ಟೇ ಜೋರಿಗೆ ಅವನು ಸ್ಪೀಕರನ್ನು ಇಟ್ಟಿರುತ್ತಾನೆ. ಅದರಿಂದ ಬರುವುದು ತನ್ನ ಶಿವಮ್ಮನೇ ಎಂದು ಕಿವಿ ಒಪ್ಪಿದರೆ ಸ್ಪೀಕರು ಪಾಸು. ಇಲ್ಲವೆಂದರೆ ಬಿಚ್ಚಿ ಮತ್ತೆ ಶುರು.

"ಆಡು ಆಕಿ ನೋಡಬೌದಲ್ಲ ಮಾದಣ್ಣ?" ಎಂದು ಗಿರಾಕಿಗಳು ಕೇಳುತ್ತಾರೆ.

"ಆಡ್ದೋರ ದನಿ ನಿಜವಾಗ್ಲೂ ಎಂಗದೆ ಅಂತ ನಂಗೇನ್ಲಾ ಗೊತ್ತು? ಅವ್ರ ಜೊತೆ ಸಂಸಾರ ಮಾಡಿದ್ದೀನಾ?"



ಚಾಮರಾಜನಗರದ ಸರ್ದಾರ್ ಸಾಹೇಬರ ರೇಡಿಯೋ ಅಂಗಡಿಯಲ್ಲಿ ಅವನು ಕೆಲಸ ಕಲಿತದ್ದು. ಡ್ರೈವರ್ ಒಳ್ಳೆಯದೋ ಕೆಟ್ಟದ್ದೋ ಎಂದು ನೋಡುವ ಬಗೆಯನ್ನೂ ಸಾಹೇಬರೇ ತೋರಿಸಿಕೊಟ್ಟರು. ಡ್ರೈವರ್ ಎಂದರೆ ಪೆಟ್ಟಿಗೆಯೊಳಗೆ ನಿಜವಾಗಿ ದುಡಿಯುವ ಭಾಗ, ಕಾಗದದ ಕೋನು, ಅದರ ಹಿಂದಿನ ತಂತಿಯ ಸುರುಳಿ, ಅಯಸ್ಕಾಂತ ಎಲ್ಲ ಸೇರಿದ್ದು. ಎರಡು ಹೆಬ್ಬೆರಳಲ್ಲಿ ಕೋನನ್ನು ಮೆಲ್ಲಗೆ ಒತ್ತಿದರೆ ಸದ್ದಿಲ್ಲದೆ ಒಳಗೆ ಹೋಗಿ ಸದ್ದಿಲ್ಲದೆ ಬರಬೇಕು. ಕರಕರ ಎಂದರೆ ಸುರುಳಿ ಎಲ್ಲೋ ಉಜ್ಜುತ್ತಿದೆ ಎಂದು ಅರ್ಥ. ಆಮೇಲೆ ದನಿ. ಕಳಪೆ ಡ್ರೈವರು ಕಿರುಚುವಾಗ ಮಾತ್ರ ಬದುಕಿರುತ್ತದೆ, ಒಳ್ಳೆಯದು ಪಿಸುಗುಟ್ಟಿದರೂ ಮಾತು ನುಂಗುವುದಿಲ್ಲ. ವಾಲ್ಯೂಮ್ ಏರಿಸಿದಾಗ ದನಿ ದೊಡ್ಡದಾಗಬೇಕೇ ಹೊರತು ಇನ್ನೊಬ್ಬರ ದನಿ ಆಗಬಾರದು. ಆಯಿತೆಂದರೆ ಅದೇ ಒಡಕು. ಇಂಗ್ಲಿಷಿನವರು ಡಿಸ್ಟಾರ್ಷನ್ ಎನ್ನುತ್ತಾರೆ, ಚಿಕ್ಕಮಾದು 'ದನಿ ಕೆಟ್ಟೋಗದೆ' ಎನ್ನುತ್ತಾನೆ.

ಶಿವಮ್ಮ ಉಡಿಗಾಲದವಳು. ನಲವತ್ತು ವರ್ಷದ ಹಿಂದೆ ಅಲ್ಲೊಂದು ಮದುವೆಗೆ ಚಿಕ್ಕಮಾದು ಮೈಕ್ ಸೆಟ್ ಕಟ್ಟಲು ಹೋಗಿದ್ದ. ಊಟದ ಪಂಕ್ತಿಯಲ್ಲಿ ಯಾರದೋ ಮಗು ಅಮ್ಮ ಕಾಣದೆ ಅರಚುತ್ತಿತ್ತು. ಹುಡುಗಿಯೊಬ್ಬಳು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಸರ್ರನೆ ಬಂದು, ಅವನ ಕೈಯಿಂದ ಮೈಕು ಕಿತ್ತುಕೊಂಡು, "ಎತ್ತಿದ್ದೀರಲ್ಲ, ಸಾಕೋದ್ಯಾರು? ಬಂದು ಕರ್ಕಂಡೋಗ್ರವ್ವಾ!" ಎಂದಳು. ಮರದ ಮೇಲೆ ಕಟ್ಟಿದ್ದ ಆ ತುಕ್ಕು ಹಿಡಿದ ತಗಡಿನ ಹಾರನ್ನಿನಲ್ಲೂ ಅವಳ ದನಿ ಎಳ್ಳಷ್ಟೂ ಒಡೆಯದೆ ಬಂತಂತೆ. ಚಿಕ್ಕಮಾದು ಅಲ್ಲೇ ಸೋತ. ಹೆಣ್ಣು ಕೇಳಲು ಹೋದಾಗ ಹಿರಿಯರ ಎದುರು ಅವನು ಅವಳ ರೂಪದ ಸುದ್ದಿಯನ್ನೇ ಎತ್ತಲಿಲ್ಲ ಎಂಬ ಸಿಟ್ಟು ಶಿವಮ್ಮನಿಗೆ ಇವತ್ತಿಗೂ ಇದೆ.

ಇಷ್ಟು ಚೆನ್ನಾಗಿ ನಡೆದಿದ್ದ ಸಂಸಾರದಲ್ಲಿ ಹೋದ ವರ್ಷದಿಂದ ಶಿವಮ್ಮನಿಗೆ ಒಂದು ಕೊರಗು ಹತ್ತಿಕೊಂಡಿತು. ಸ್ಪೀಕರಿನಲ್ಲಿ ಬರುವ ತನ್ನ ದನಿ ಅವಳಿಗೇ ಸೇರುತ್ತಿರಲಿಲ್ಲ. 'ಸೊಪ್ಪು' ಎಂದರೆ ಸ ಎಂಬುದು ಕಿವಿಗೆ ಚುಚ್ಚುತ್ತಿತ್ತು. ತಗಡು ಗೀಚಿದ ಹಾಗೆ. ಒಂದು ಸ್ಪೀಕರಿನಲ್ಲಲ್ಲ, ಗಂಡ ಸರಿಮಾಡಿ ಪಾಸು ಮಾಡಿದ ಎಲ್ಲದರಲ್ಲೂ. ಗಂಡನ ಕಿವಿಯ ಮೇಲೆ ಅವಳಿಗೆ ಅನುಮಾನ ಬರಲು ಸಾಧ್ಯವೇ? ಇಡೀ ತಾಲ್ಲೂಕು ನಂಬಿದ ಕಿವಿ ಅದು. ಹಾಗಾದರೆ ಕೆಟ್ಟಿರುವುದು ತನ್ನ ಗಂಟಲೇ ಎಂದು ತೀರ್ಮಾನಿಸಿಬಿಟ್ಟಳು ಪಾಪ. ಮೆಣಸಿನ ಕಷಾಯ ಕುಡಿದಳು, ಜೇನುತುಪ್ಪ ನೆಕ್ಕಿದಳು. ಏನೂ ಆಗಲಿಲ್ಲ. ಕೊನೆಗೆ ಮಾತನ್ನೇ ಕಮ್ಮಿ ಮಾಡಿದಳು. ಆಡಿದರೂ ಮೆತ್ತಗೆ. ಇಂಥ ಗಂಟಲಿಟ್ಟುಕೊಂಡು ಈ ಮನುಷ್ಯನ ತಲೆ ಯಾಕೆ ತಿನ್ನಲಿ ಎಂದು ಅವಳ ಲೆಕ್ಕ. ಬೇಕರಿಯವರು, "ಯಾಕಕ್ಕಾ, ಮಾದಣ್ಣ ಒಳ್ಳೇವ್ನಾಗ್ಬುಟ್ನಾ?" ಎಂದು ತಮಾಷೆ ಮಾಡಿದರೆ ಅವಳಿಗೆ ಅಳು ಬರುತ್ತಿತ್ತು.

ಅಷ್ಟರಲ್ಲಿ ತೆರಕಣಾಂಬಿಯ ಗುರುಸ್ವಾಮಿ ಬಂದ. ಚೆಂಡುಹೂವು ಬೆಳೆದು ಕೇರಳಕ್ಕೆ ಕಳಿಸುವವನು. ಹಾಡೆಂದರೆ ಪ್ರಾಣ. ಸುಲ್ತಾನ್ ಬತ್ತೇರಿಯ ಮಲಯಾಳಿಯೊಬ್ಬರು ಮನೆ ಖಾಲಿ ಮಾಡುವಾಗ ಎದೆಮಟ್ಟದ ಫಾರಿನ್ ಸ್ಪೀಕರ್ ಜೋಡಿಯನ್ನು ಅವರಿಂದ ಕೊಂಡು, ಹೂವಿನ ಗಾಡಿಯಲ್ಲೇ ಹೇರಿಕೊಂಡು ಬಂದಿದ್ದ. ಕೆಲವು ತಿಂಗಳು ಹಾಡು ಕೇಳಿದ ಮೇಲೆ ಕೋನಿನ ಸುತ್ತಲ ರಬ್ಬರು ಬಿರಿದಿತ್ತು. ಚಿಕ್ಕಮಾದು ಹೊಸದು ಅಂಟಿಸಿ, ಎಲ್ಲ ಪರೀಕ್ಷೆ ಮಾಡಿ ಕೊಟ್ಟಿದ್ದ. ಈಗ ಅದೇ ಜೋಡಿ ಮತ್ತೆ ಮೆಟ್ಟಿಲ ಹತ್ತಿರ ಬಂದು ನಿಂತಿತ್ತು.

"ಬೇಜಾರ್ ಮಾಡ್ಕಬೇಡ ಮಾದಣ್ಣ. ಮೊದ್ಲು ಆಡೋರು ನಮ್ ಜಗಲೀಲಿ ಕುಂತು ಆಡ್ದಂಗಿತ್ತು. ಈಗ ಬಾಯ್ಗೆ ಬ್ಲೇಡ್ ಆಕ್ಕಂಡು ಆಡ್ದಂಗದೆ. ನನ್ನೆಂಡ್ರು ರೂಮ್ಗೇ ಬರಾಕಿಲ್ಲ ಅಂತಾಳೆ. ಇನ್ನೊಂದ್ ಸಲ ನೋಡು. ಆಗ್ನಿಲ್ಲ ಅಂದ್ರೆ ಮೈಸೂರ್ಗೆ ತಕ್ಕಂಡೋಯ್ತೀನಿ."

ಅವನು ಒಳ್ಳೆಯ ಮಾತಿನಲ್ಲೇ ಹೇಳಿದ. ಆದರೂ ಚಿಕ್ಕಮಾದುವಿನ ಮುಖ ಸಣ್ಣದಾಯಿತು. ಅವನ ಕೈಯಿಂದ ಹೋದ ಮಾಲನ್ನು ಇನ್ನೊಬ್ಬರ ಬಳಿಗೆ ಒಯ್ಯುತ್ತೇನೆ ಎಂದವರು ಈವರೆಗೆ ಯಾರೂ ಇರಲಿಲ್ಲ. ಇದೊಂದು ಕೈತಪ್ಪಿದರೆ ಆಮೇಲೆ ಅವನನ್ನು ನಂಬುವವರು ಯಾರು, ಅದಕ್ಕಿಂತ ಹೆಚ್ಚಾಗಿ ಅವನು ತನ್ನನ್ನು ನಂಬುವುದು ಹೇಗೆ? ಶಿವಮ್ಮನಿಗೆ ಇದು ಗೊತ್ತಾಯಿತು. ಗುರುಸ್ವಾಮಿ ಹೋದ ಮೇಲೆ, ಕರೆಯದೆಯೇ ಮೈಕಿನ ಮುಂದೆ ಬಂದು ಕೂತಳು.

ಚಿಕ್ಕಮಾದು ಬೆನ್ನು ತಿರುಗಿಸಿ ಕಣ್ಣು ಮುಚ್ಚಿದ. ಸ್ಪೀಕರಿನ ಮೇಲ್ಗಡೆ ಟ್ವೀಟರ್ ಎಂಬ ಪುಟ್ಟ ಗುಬಟು ಇರುತ್ತದೆ. ಸ, ಶ, ಬಳೆಯ ಸದ್ದು, ಇಂಥ ತೆಳು ಸದ್ದನ್ನೆಲ್ಲ ಹೊರಡಿಸುವುದು ಅದು. ಅದಕ್ಕೆ ಹೆಚ್ಚು ಕರೆಂಟು ನುಗ್ಗದ ಹಾಗೆ ಕಂಪನಿಯವರು ಒಂದು ತಡೆ ಇಟ್ಟಿರುತ್ತಾರೆ. ದನಿ ಮಂಕಾಗಿದೆ ಎಂದು ಚಿಕ್ಕಮಾದು ಹೋದ ಸಲ ಆ ತಡೆಯನ್ನು ತೆಗೆದು ಸಣ್ಣದು ಹಾಕಿ, ತೆಳು ಸದ್ದನ್ನು ಏರಿಸಿದ್ದ.

ಶಿವಮ್ಮ ಶುರು ಮಾಡಿದಳು. ಮಳೆ ಸುದ್ದಿ, ಹಂಗಳದ ನಾದಿನಿಯ ಸುದ್ದಿ, ಸೀಗೆಕಾಯಿ ಒಣಗಿಸಬೇಕಾದ ಸುದ್ದಿ. ನಡುವೆ ಕರೆಂಟು ಹೋಯಿತು. ಆಂಪ್ಲಿಫೈಯರಿನ ಕೆಂಪು ದೀಪ ಆರಿದ್ದು ಅವಳಿಗೆ ಕಂಡಿತು. ಮಾತು ನಿಲ್ಲಿಸಲು ಹೊರಟಳು.

"ನಿಲ್ಲಿಸ್ಬೇಡ, ಅಂಗೇ ಮಾತಾಡು," ಎಂದ ಚಿಕ್ಕಮಾದು.

ಅವಳು ತಬ್ಬಿಬ್ಬಾಗಿ ಮುಂದುವರಿಸಿದಳು. ಸ್ಪೀಕರಿನಲ್ಲಿ ಏನೂ ಇಲ್ಲ. ಅವಳ ಬಾಯಿಂದ ನೇರವಾಗಿ ಅವನ ಕಿವಿಗೆ.

"ನೋಡು ಮತ್ತೆ! ಈಗ್ಲೂ ಮಂಕು. ಸೀಗೆಕಾಯಿ ಅಂದ್ರೆ ಸೀ ಅನ್ನದೇ ಬತ್ತಿಲ್ಲ. ಆ ಗುರುಸ್ವಾಮಿಗೆ ಕಿವಿ ಇಲ್ಲ ಕಣಮ್ಮಿ. ಈ ಟ್ವೀಟರ್ ಸತ್ತೋಗದೆ."

ಶಿವಮ್ಮನಿಗೆ ಒಂದು ವರ್ಷದ ಕಷಾಯ, ಜೇನುತುಪ್ಪ, ನುಂಗಿಕೊಂಡ ಮಾತು ಎಲ್ಲ ಒಟ್ಟಿಗೆ ಅರ್ಥವಾಗಿಹೋಯಿತು. ತನ್ನ ಗಂಟಲಿಗೆ ಏನೂ ಆಗಿಲ್ಲ ಎಂದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಕೆಟ್ಟಿದ್ದು ತನ್ನ ಗಂಟಲೇ ಆಗಿದ್ದರೆ ಚೆನ್ನಾಗಿತ್ತು ಎಂದುಕೊಂಡಳು. ಈ ಮನುಷ್ಯನಿಗೆ ಇರುವುದು ಕಿವಿಯ ಹೆಮ್ಮೆ ಒಂದೇ. ಸುಮ್ಮನಿದ್ದುಬಿಡಲೇ? ಸುಮ್ಮನಿದ್ದರೆ ಅವನು ಇನ್ನೂ ಎಷ್ಟು ಸ್ಪೀಕರುಗಳ ದನಿ ಕೆಡಿಸಿ, ಎಷ್ಟು ಜನರ ಮುಂದೆ ಸಣ್ಣವನಾಗಬೇಕು? ಎದ್ದು ಹೋಗಿ ಅವನ ಭುಜ ಹಿಡಿದು ತಿರುಗಿಸಿದಳು.

"ಕರೆಂಟ್ ಓಗದೆ ಕಣ. ನೀನು ಕೇಳ್ದದ್ದು ಸ್ಪೀಕರಲ್ಲ, ನನ್ನೇ."

ಚಿಕ್ಕಮಾದು ದೀಪ ನೋಡಿದ. ಸ್ಪೀಕರು ನೋಡಿದ. ಆಮೇಲೆ ಸ್ಟೂಲಿನ ಮೇಲೆ ಕೂತ. 

"ನಾನೇನಂದ್ಕಂಡಿದ್ದೆ ಗೊತ್ತಾ? ಕಂಪನಿಯೋರು ಈಗ ನೆಟ್ಟಗಿರೋ ಟ್ವೀಟರೇ ಮಾಡಾಕಿಲ್ಲ ಅಂದ್ಕಂಡಿದ್ದೆ. ನಿನ್ ದನಿ ನಂಗೆ ಮನಸ್ನಲ್ಲಿ ಅದೆಯಲ್ಲ, ಆ ಮದ್ವೇಲಿ ಕೇಳಿದ್ದು, ಅದು ಬರಗಂಟಾ ಎಲ್ಲಾದ್ರಲ್ಲೂ ಏರಿಸ್ತಿದ್ದೆ." ತಲೆ ತಗ್ಗಿಸಿದ. "ಇತ್ತೀಚ್ಗೆ ನೀನು ಮಾತಾಡದೂ ಕಮ್ಮಿ ಆಯ್ತು. ನನ್ ಮೇಲೆ ಬೇಜಾರೇನೋ ಅಂತ ಕೇಳಕ್ಕೂ ಎದ್ರಿಕೆ."

"ಥೂ ನಿನ್ನ! ಬೇಜಾರಂತೆ!" ಎಂದು ಶಿವಮ್ಮ ಬೈದಳು. ಬೈಯುತ್ತಲೇ ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ಅತ್ತಳು. ಅವನೂ ಅತ್ತ.

ಕರೆಂಟು ಬಂದ ಮೇಲೆ ಗುರುಸ್ವಾಮಿಯ ಸ್ಪೀಕರಿಗೆ ಕಂಪನಿಯ ಹಳೆಯ ತಡೆಯನ್ನೇ ಮರಳಿ ಬೆಸೆದರು. ಬೆಸುಗೆ ಗಂಡನದು, ಕಿವಿ ಹೆಂಡತಿಯದು. ಗುರುಸ್ವಾಮಿ ಫೋನು ಮಾಡಿ ಖುಷಿಯಿಂದ ಕೂಗಾಡಿದ. ಚಿಕ್ಕಮಾದು ನಡೆದದ್ದನ್ನು ಮುಚ್ಚಿಡಲಿಲ್ಲ. "ನನ್ ಕಿವಿ ಓಗದೆ ಕಣ ಗುರು, ನೋಡಿದ್ದು ಶಿವಮ್ಮ," ಎಂದ. ಹಾಗೆ ಹೇಳಿದ ಮೇಲೆಯೇ ಅವನಿಗೆ ಊಟ ಸೇರಿದ್ದು.

ಕಿವಿ ತೋರಿಸಲು ಚಾಮರಾಜನಗರಕ್ಕೆ ಅವನನ್ನು ಹೊರಡಿಸಿದ್ದು ಇನ್ನೊಂದು ಪುರಾಣ. ಕಿವಿಗೆ ಮಿಷಿನ್ನು ಹಾಕಿಕೊಳ್ಳುವುದು ಅವನಿಗೆ ಅವಮಾನವಾಗಿರಲಿಲ್ಲ, ಅನುಮಾನವಾಗಿತ್ತು. "ಅದ್ರೊಳ್ಗೂ ಒಂದ್ ಸ್ಪೀಕರ್ ಇರ್ತದೆ. ಎಂತಾ ಡ್ರೈವರ್ ಆಕವ್ರೋ ಏನೋ," ಎಂದು ಬಸ್ಸಿನುದ್ದಕ್ಕೂ ಗೊಣಗಿದ. ಅಲ್ಲಿ ಕಿವಿ ನೋಡುವ ಹುಡುಗಿ ಬಿಂದುಶ್ರೀ ಮಿಷಿನ್ನು ಕೂರಿಸಿ, ಕಂಪ್ಯೂಟರಿನ ಮುಂದೆ ಕೂತು, "ಕೇಳಿಸ್ತಿದೆಯಾ ತಾತ?" ಎಂದಳು.

"ನಿನ್ ದನಿ ನಂಗೆ ಗೊತ್ತಿಲ್ಲ ಕಣವ್ವ. ನಮ್ಮನೆಯೋಳು ಮಾತಾಡ್ಲಿ."

ಶಿವಮ್ಮನಿಗೆ ಎಂದೂ ಇಲ್ಲದ ನಾಚಿಕೆ. "ಏನಂತ ಮಾತಾಡ್ಲಿ... ಬಸ್ನಲ್ಲಿ ಸೀಟ್ ಸಿಕ್ರೆ ಸಾಕು, ಸಂಜೆಗೆ ಊರು ಸೇರ್ಕಬೇಕು," ಎಂದಳು.

ಚಿಕ್ಕಮಾದು ಕಣ್ಣು ಮುಚ್ಚಿರಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದ. ಅವನಿಗೆ ಸ ಕೇಳಿತು, ಬಳೆ ಕೇಳಿತು. ಜೊತೆಗೆ ಅವನ ನೆನಪಿನಲ್ಲಿ ಇಲ್ಲದೇ ಇದ್ದದ್ದೂ ಕೇಳಿತು. ಮಾತಿನ ತುದಿಯಲ್ಲಿ ಸಣ್ಣ ನಡುಕ, ನಡುವೆ ಏದುಸಿರು.

"ವಯಸ್ಸಾಗದೆ ನಿನ್ ದನಿಗೆ," ಎಂದ.

ಶಿವಮ್ಮ ತಲೆ ತಗ್ಗಿಸಿದಳು. ಬಿಂದುಶ್ರೀ ಕಂಪ್ಯೂಟರಿನ ಮೇಲೆ ಕೈಯಿಟ್ಟು, "ಬೇಕಾದ್ರೆ ಇನ್ನೂ ನೈಸಾಗಿ ಕೇಳೋ ಥರ ಅಡ್ಜಸ್ಟ್ ಮಾಡ್ಲಾ ತಾತ?" ಎಂದಳು.

"ಏನೂ ಮುಟ್ಬೇಡ ಕಣವ್ವ," ಎಂದ ಚಿಕ್ಕಮಾದು. "ಇವಳು ಇರಾದೇ ಇಂಗೆ. ನಂಗೆ ಇವಳೇ ಕೇಳ್ಲಿ."